ಸ್ಪ್ಯಾನಿಷ್ ಸಿನಿಮಾಕ್ಕೆ ಮನೆಯಲ್ಲೊಬ್ಬ ಅರ್ಥಧಾರಿ ಬೇಕು

‘ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಸಿನಿಮಾ’ ಎಂಬ ಮಾತನ್ನು ಪೋಸ್ಟರ್‌ಗಳಲ್ಲಿ, ವಿಮರ್ಶೆಗಳಲ್ಲಿ ಓದುತ್ತಲೇ ಇರುತ್ತೇವೆ. ಇದರ ಅರ್ಥ ಸಾಮಾನ್ಯವಾಗಿ ಇಷ್ಟೇ: ಮುಜುಗರದ ದೃಶ್ಯ ಇಲ್ಲ, ರಕ್ತ ಹರಿಯುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಆದರೆ ನಮ್ಮ ಮಂಡೆಕೋಲಿನಂಥ ಊರಿನ ಮನೆಯಲ್ಲಿ ‘ಮನೆಮಂದಿ’ ಎಂದರೆ ತುಳು ಬಿಟ್ಟು ಬೇರೆ ಭಾಷೆಯಲ್ಲಿ ನಗಲು ಬಾರದ ಅಜ್ಜಿ, ಅಡಿಕೆ ರೇಟು ಮತ್ತು ವಾರ್ತೆ ಬಿಟ್ಟು ಬೇರೇನೂ ನೋಡದ ಅಪ್ಪ, ಗಡಿಯಾಚೆಯಿಂದ ಮದುವೆಯಾಗಿ ಬಂದು ಇಂದಿಗೂ ಮಲಯಾಳಂ ಧಾರಾವಾಹಿ ಬಿಡದ ಅಮ್ಮ, ರೀಲ್ಸ್‌ನಲ್ಲಿ ಮುಳುಗಿರುವ ತಮ್ಮ, ಡಿಗ್ರಿ ಮುಗಿಸಿ ಪರೀಕ್ಷೆಗಳಿಗೆ ಓದುತ್ತಾ ಮನೆಯಲ್ಲಿ ಕುಳಿತಿರುವ ನಾನು. ಐದು ಜನ, ಐದು ಪರದೆ. ಇವರೆಲ್ಲರನ್ನೂ ಎರಡು ಗಂಟೆ ಒಂದೇ ಗೋಡೆಯ ಕಡೆ ಮುಖ ಮಾಡಿಸುವ ಸಿನಿಮಾ ಯಾವುದು?

ನನ್ನ ಉತ್ತರ ಕೇಳಿದರೆ ಗೆಳೆಯರು ನಗುತ್ತಾರೆ. ಸ್ಪ್ಯಾನಿಷ್ ಮಾತನಾಡುವ ದೇಶಗಳ ಸಿನಿಮಾ. ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ, ಕ್ಯೂಬಾ. ಪರೀಕ್ಷೆಯ ಸಾಮಾನ್ಯ ಜ್ಞಾನಕ್ಕಾಗಿ ರಾಜಧಾನಿಯ ಹೆಸರು ಬಾಯಿಪಾಠ ಮಾಡುವುದು ಬಿಟ್ಟರೆ ನಮಗೂ ಆ ದೇಶಗಳಿಗೂ ಏನು ಸಂಬಂಧ ಎಂದು ನೀವೂ ಕೇಳಬಹುದು. ಒಮ್ಮೆ ತೋಟಕ್ಕೆ ಇಳಿದು ನೋಡಿ. ರಬ್ಬರ್, ಗೇರು, ಮರಗೆಣಸು, ಪೇರಳೆ, ಅನಾನಸು, ಪಪ್ಪಾಯಿ, ಕೊನೆಗೆ ನಮ್ಮ ಸಾರಿನ ಮೆಣಸು ಕೂಡ ಸಮುದ್ರದಾಚೆಯ ಅದೇ ಕಡೆಯಿಂದ ಬಂದದ್ದು. ಬೆಲೆ ಏರಿ ಆಸೆ ಹುಟ್ಟಿಸಿ ಮತ್ತೆ ಕುಸಿದ ವೆನಿಲ್ಲಾ ಮೆಕ್ಸಿಕೊದ ಬಳ್ಳಿ. ಪುತ್ತೂರಿನಲ್ಲಿ 1986ರಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು ಅಮೆಜಾನ್ ಸೀಮೆಯ ಮರವೊಂದನ್ನು ನಂಬಿ. ‘ಕೊಕೊ’ ಅಂತ ಒಂದು ಸಿನಿಮಾ ಹಾಕುತ್ತೇನೆ ಎಂದಾಗ ನಮ್ಮ ಅಪ್ಪ ಕೇಳಿದ್ದು, “ಕೊಕ್ಕೋಗೆ ಈಗ ಕೆ.ಜಿ.ಗೆ ಎಷ್ಟುಂಟಂತೆ?” ಎಂದು. ವಾರ್ತೆ ಬಿಟ್ಟು ಅವರು ಟಿವಿ ಎದುರು ಕುಳಿತದ್ದೂ ಆ ಕಾರಣಕ್ಕೇ.

2017ರ ‘ಕೊಕೊ’ ಅಮೆರಿಕದ ಪಿಕ್ಸಾರ್ ಕಂಪನಿಯ ಆ್ಯನಿಮೇಷನ್ ಚಿತ್ರ. ಲೀ ಅನ್‌ಕ್ರಿಚ್ ನಿರ್ದೇಶನ, ಏಡ್ರಿಯನ್ ಮೊಲಿನಾ ಸಹ ನಿರ್ದೇಶನ. ಆಸ್ಕರ್ ಕೂಡ ಬಂದಿದೆ. ಕಥೆ ನಡೆಯುವುದು ಮೆಕ್ಸಿಕೊದಲ್ಲಿ, ‘ಸತ್ತವರ ದಿನ’ದ ಹಬ್ಬದಂದು. ನವೆಂಬರ್ ಮೊದಲ ಎರಡು ದಿನ ಅಲ್ಲಿನವರು ಮನೆಯಲ್ಲಿ ಒಂದು ಕಡೆ ತೀರಿಕೊಂಡವರ ಫೋಟೋ ಇಟ್ಟು, ದೀಪ ಹಚ್ಚಿ, ಅವರಿಗೆ ಇಷ್ಟವಾಗಿದ್ದ ತಿಂಡಿ ಬಡಿಸಿ, ಚೆಂಡುಹೂವಿನ ಎಸಳುಗಳಿಂದ ದಾರಿ ಮಾಡುತ್ತಾರೆ. ಆ ದಾರಿ ಹಿಡಿದು ಹಿರಿಯರು ಮನೆಗೆ ಬರುತ್ತಾರೆ ಎಂಬ ನಂಬಿಕೆ. (ಚೆಂಡುಹೂ ಕೂಡ ಮೆಕ್ಸಿಕೊದಿಂದಲೇ ಬಂದದ್ದು. ನಾವು ಅದನ್ನು ಆಯುಧಪೂಜೆಗೆ ಬೈಕಿಗೆ ಕಟ್ಟುತ್ತೇವೆ.)

ಇಷ್ಟು ನೋಡುವಷ್ಟರಲ್ಲಿ ಅಜ್ಜಿ, “ಇಂದ್ ನಮ್ಮ ಲೆಕ್ಕೊನೇ ಉಂಡತ್ತಾ!” ಎಂದರು. ಇದು ನಮ್ಮ ಹಾಗೆಯೇ ಇದೆಯಲ್ಲ ಎಂದು. ಆಟಿ ತಿಂಗಳಲ್ಲಿ ನಾವು ಕುಲೆಗಳಿಗೆ ಬಡಿಸುವುದಿಲ್ಲವೇ? ಬಾಳೆ ಎಲೆ ಹಾಕಿ, ಹೋದವರಿಗೆ ಏನು ಪ್ರೀತಿಯೋ ಅದನ್ನೇ ಮಾಡಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಯಾರೋ ಊಟ ಮಾಡುತ್ತಿರುವಾಗ ಹಾಗೇ ನುಗ್ಗಬಾರದಲ್ಲ. ಸಣ್ಣವರಿದ್ದಾಗ ಆ ಬಾಗಿಲ ಸಂದಿನಲ್ಲಿ ಇಣುಕಿ ಬೈಸಿಕೊಳ್ಳದವರು ನಮ್ಮ ಕಡೆ ಕಡಿಮೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೋಲಿಕೆಯಲ್ಲ, ವ್ಯತ್ಯಾಸ. ಆ ಸಿನಿಮಾದಲ್ಲಿ ಫೋಟೋ ಇಲ್ಲದ ಸತ್ತವನಿಗೆ ಸೇತುವೆ ದಾಟಿ ಬರಲು ಬಿಡುವುದಿಲ್ಲ. ಬದುಕಿರುವವರಲ್ಲಿ ಅವನನ್ನು ನೆನಪಿಟ್ಟ ಕೊನೆಯ ಮನುಷ್ಯನೂ ಮರೆತರೆ ಅವನು ಎರಡನೇ ಸಲ ಸಾಯುತ್ತಾನೆ. ನಮ್ಮಲ್ಲಿ ಫೋಟೋ ಬೇಕಿಲ್ಲ, ಹೆಸರು ಹಿಡಿದು ಕರೆದರೆ ಸಾಕು. ಆ ಹೆಸರುಗಳು ಯಾರಿಗೆ ಗೊತ್ತಿವೆ? ನಮ್ಮ ಮನೆಯಲ್ಲಿ ಅಜ್ಜಿಗೆ ಮಾತ್ರ. ಅಪ್ಪನಿಗೆ ಅವರ ಅಜ್ಜನ ತನಕ ಗೊತ್ತು. ನನಗೆ ನನ್ನ ಅಜ್ಜನ ಹೆಸರಿನಿಂದ ಹಿಂದೆ ಒಂದೂ ಗೊತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಅಜ್ಜಿ ತಾವಾಗಿಯೇ ಹೇಳತೊಡಗಿದರು: ಯಾರು ಎಲ್ಲಿಂದ ಬಂದರು, ಯಾರು ಹೆರಿಗೆಯಲ್ಲಿ ಹೋದರು, ಯಾರಿಗೆ ಒಣಮೀನು ಚಟ್ನಿ ಇಲ್ಲದೆ ಗಂಜಿ ಇಳಿಯುತ್ತಿರಲಿಲ್ಲ. ತಮ್ಮ ಮೊಬೈಲ್ ತೆಗೆದು ರೆಕಾರ್ಡ್ ಮಾಡಿಕೊಂಡ. ಮೂರು ತಲೆಮಾರು ಹಿಂದಿನ, ಒಂದೇ ಒಂದು ಫೋಟೋ ಇಲ್ಲದ ಒಬ್ಬ ಹೆಂಗಸಿನ ಹೆಸರು ಈಗ ಆ ಫೋನಿನಲ್ಲಿದೆ. ಎಷ್ಟು ವರ್ಷ ಆಟಿಯಲ್ಲಿ ಎಲೆಯ ಮುಂದೆ ಕೈಮುಗಿದರೂ ಬಾರದ ಕುತೂಹಲ ಒಂದು ಕಾರ್ಟೂನ್‌ನಿಂದ ಬಂತು.

ಅಮೆರಿಕದ ಕಂಪನಿಯ ಸಿನಿಮಾ ಮೆಕ್ಸಿಕೊದ್ದು ಹೇಗಾಗುತ್ತದೆ ಎಂಬ ಪ್ರಶ್ನೆ ಸರಿಯೇ. 2013ರಲ್ಲಿ ಡಿಸ್ನಿ ಕಂಪನಿ ಆ ಹಬ್ಬದ ಹೆಸರಿಗೇ ಟ್ರೇಡ್‌ಮಾರ್ಕ್ ಪಡೆಯಲು ಅರ್ಜಿ ಹಾಕಿತ್ತು! ನಾಳೆ ಯಾರೋ ‘ಆಟಿ’ ಎಂಬ ಪದ ನಮ್ಮದು ಎಂದರೆ ನಮಗೆ ಹೇಗಾಗಬೇಡ? ಅಲ್ಲಿನ ಜನ ರೊಚ್ಚಿಗೆದ್ದ ಮೇಲೆ ಅರ್ಜಿ ಹಿಂದೆ ಪಡೆದರು. ವ್ಯಂಗ್ಯಚಿತ್ರ ಬರೆದು ಕಂಪನಿಯನ್ನು ಝಾಡಿಸಿದ್ದ ಲಾಲೊ ಅಲ್ಕಾರಾಜ್ ಎಂಬ ಕಲಾವಿದನನ್ನೇ ಆಮೇಲೆ ಸಿನಿಮಾಕ್ಕೆ ಸಲಹೆಗಾರನಾಗಿ ಕರೆದರು. ಬೈದವನನ್ನು ಕೂರಿಸಿಕೊಂಡು ಕೇಳಿದ್ದರಿಂದಲೇ ಅದರ ಅಡುಗೆಮನೆ ನಿಜವಾದ ಅಡುಗೆಮನೆಯಂತಿದೆ ಎಂದು ನನಗನಿಸುತ್ತದೆ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ, ಜಗಳ ಇರುವುದೇ ಅಲ್ಲಿ. ‘ಕೊಕೊ’ವನ್ನು ನಾವು ನೋಡಿದ್ದು ಇಂಗ್ಲಿಷ್‌ನಲ್ಲಿ. ಇಂಗ್ಲಿಷ್ ಸಿನಿಮಾ ಹಾಕಿದಾಗ ಮನೆ ಎರಡು ಭಾಗವಾಗುತ್ತದೆ. ಅರ್ಥವಾಗುವ ನಾನು ಮತ್ತು ತಮ್ಮ ಒಂದು ಕಡೆ, ನಾವು ನಕ್ಕ ಮೇಲೆ “ಎಂತ ಹೇಳಿದ್ದು?” ಎಂದು ಕೇಳುವ ಹಿರಿಯರು ಇನ್ನೊಂದು ಕಡೆ. ಆಮೇಲೆ ಸ್ಪ್ಯಾನಿಷ್‌ನದ್ದೇ ಒಂದು ಸಿನಿಮಾ ಹಾಕಿದೆವು. ಆಗ ಆದದ್ದು ನೋಡಿ, ಎಲ್ಲರೂ ಸಮಾನರು! ಯಾರಿಗೂ ಒಂದಕ್ಷರ ಬಾರದು. ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು ನಿಜ, ಆದರೆ ನಾನು ಓದುತ್ತಿರುವಾಗ ಅಜ್ಜಿ ಮುಖ ನೋಡುತ್ತಿದ್ದರು. ಎಷ್ಟೋ ಸಲ ನಾನು ಹೇಳುವ ಮೊದಲೇ “ಅವ ಸುಳ್ಳು ಹೇಳುದು” ಎಂದು ಅವರೇ ಹೇಳಿಬಿಡುತ್ತಿದ್ದರು.

ಇದೇನೂ ಹೊಸ ಕಸುಬಲ್ಲ. ಪುತ್ತೂರು-ಸುಳ್ಯದವರಿಗೆ ತಾಳಮದ್ದಳೆ ಗೊತ್ತಿಲ್ಲವೇ? ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದನ್ನು ಮಾತಾಗಿ ಬಿಡಿಸುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ರಾತ್ರಿಯೆಲ್ಲ ಜನ ಕೂರುತ್ತಾರೆ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ ‘ಬೆನ್ಶಿ’ಗಳು ನಟರಷ್ಟೇ ಹೆಸರು ಮಾಡಿದ್ದರಂತೆ. ನಮ್ಮ ಮನೆಗಳಲ್ಲೂ ಒಬ್ಬ ಅರ್ಥಧಾರಿ ಇದ್ದರೆ ಪ್ರಪಂಚದ ಯಾವ ಸಿನಿಮಾವೂ ದೂರದ್ದಲ್ಲ. ಆ ಕೆಲಸಕ್ಕೆ ಸದ್ಯ ಪುರುಸೊತ್ತು ಇರುವುದು ಯಾರಿಗೆ? ಕೆಲಸ ಹುಡುಕುತ್ತಿರುವ ನಮಗೇ.

ಹಾಗೆಂದು ಕನ್ನಡ ಧ್ವನಿ ಬೇಡವೇ? ಬೇಕು. ಡಬ್ಬಿಂಗ್ ಎಂದರೆ ಕನ್ನಡಕ್ಕೆ ಅಪಚಾರ ಎಂಬ ವಾದವನ್ನು ನಾವು ದಶಕಗಳ ಕಾಲ ಕೇಳಿದೆವು. ನಮ್ಮ ಚಿತ್ರರಂಗ ಸಣ್ಣದಿದ್ದಾಗ, ಕಲಾವಿದರ ಅನ್ನದ ಪ್ರಶ್ನೆ ಇದ್ದಾಗ ಆ ವಾದಕ್ಕೆ ಅರ್ಥವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಘೋಷಿತ ನಿಷೇಧ ಸರಿಯಲ್ಲ ಎಂದಿತು. ಆಯೋಗಕ್ಕೆ ದೂರು ಕೊಟ್ಟದ್ದು ಕನ್ನಡ ಗ್ರಾಹಕರ ಕೂಟ, ಅಂದರೆ ಕನ್ನಡದಲ್ಲೇ ಎಲ್ಲವೂ ಬೇಕು ಎನ್ನುವವರೇ. ಈಗ ‘ಅವತಾರ್’, ‘ಸ್ಪೈಡರ್‌ಮ್ಯಾನ್’ ಕನ್ನಡದಲ್ಲಿ ಮಾತಾಡುತ್ತವೆ. ಸಂತೋಷ. ಆದರೆ ಡಬ್ಬಿಂಗ್‌ಗೆ ಆರಿಸುವುದು ದುಡ್ಡು ಬರುವ ದೊಡ್ಡ ಚಿತ್ರಗಳನ್ನೇ. ಅರ್ಜೆಂಟೀನಾದ ಒಬ್ಬ ಮುದುಕನ ಕಥೆಗೆ ಕನ್ನಡದ ಧ್ವನಿ ಕೊಡಲು ಯಾರೂ ಬರುವುದಿಲ್ಲ. ಕಡೇಪಕ್ಷ ಕನ್ನಡದ ಅಡಿಬರಹ ಕೊಟ್ಟರೂ ಅಪ್ಪ ತಾವೇ ಓದಿಕೊಂಡಾರು. ಭಾಷಾಂತರ ಕಲಿಯುತ್ತಿರುವ ಪದವಿ ವಿದ್ಯಾರ್ಥಿಗಳೇ, ಇದು ನಿಮಗೊಂದು ಕೆಲಸವೂ ಆಗಬಹುದು.

ಆ ಮುದುಕನ ಸಿನಿಮಾ ಹೆಸರು ‘ಇಸ್ತೋರಿಯಾಸ್ ಮಿನಿಮಾಸ್’, ಸಣ್ಣ ಸಣ್ಣ ಕಥೆಗಳು ಎಂದು ಅರ್ಥ. 2002ರದ್ದು, ನಿರ್ದೇಶಕ ಕಾರ್ಲೋಸ್ ಸೊರಿನ್. ಪಟಗೋನಿಯಾದ ಬೋಳು ಬಯಲಿನಲ್ಲಿ ಮೂವರ ಪಯಣ. ಕಳೆದುಹೋದ ನಾಯಿಯನ್ನು ದೂರದ ಊರಲ್ಲಿ ಯಾರೋ ಕಂಡರಂತೆ ಎಂದು ಮಗನಿಗೆ ಹೇಳದೆ ಹೊರಡುವ ಅಜ್ಜ. ಒಬ್ಬ ವಿಧವೆಯ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಹೊತ್ತು ಹೊರಟ ಸೇಲ್ಸ್‌ಮನ್. ಟಿವಿ ಸ್ಪರ್ಧೆಗೆ ಆಯ್ಕೆಯಾದ ಬಡ ತಾಯಿ. ಸೇಲ್ಸ್‌ಮನ್‌ಗೆ ಮಗು ಗಂಡೋ ಹೆಣ್ಣೋ ಗೊತ್ತಿಲ್ಲ, ಆದ್ದರಿಂದ ಫುಟ್‌ಬಾಲ್ ಆಕಾರದ ಕೇಕನ್ನು ದಾರಿಯಲ್ಲಿ ಆಮೆ ಮಾಡಿಸುತ್ತಾನೆ. ನಮ್ಮಮ್ಮ ಕಣ್ಣೀರು ಬರುವಷ್ಟು ನಕ್ಕದ್ದು ಇಲ್ಲಿ. ನಾಯಿ ತನ್ನನ್ನು ಯಾಕೆ ಬಿಟ್ಟುಹೋಯಿತು ಎಂಬುದಕ್ಕೆ ಅಜ್ಜನ ಬಳಿ ಒಂದು ಕಾರಣ ಉಂಟು. ಅದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಅದೇ ನಿರ್ದೇಶಕರ 2004ರ ‘ಬೊಂಬೊನ್’ ನೋಡಬೇಕಾದವರು ನಾವು, ಉದ್ಯೋಗಾಕಾಂಕ್ಷಿಗಳು. 20 ವರ್ಷ ಪೆಟ್ರೋಲ್ ಬಂಕಿನಲ್ಲಿ ದುಡಿದು, ಮಾಲೀಕರು ಬದಲಾದಾಗ ಮನೆಗೆ ಕಳುಹಿಸಲ್ಪಟ್ಟ 52ರ ಗಂಡಸು. ಕೈಯಿಂದ ಮಾಡಿದ ಚೂರಿಗಳನ್ನು ಮಾರಲು ನೋಡುತ್ತಾನೆ, ಯಾರೂ ಕೊಳ್ಳುವುದಿಲ್ಲ. ಕಾರು ರಿಪೇರಿ ಮಾಡಿಕೊಟ್ಟದ್ದಕ್ಕೆ ಪ್ರತಿಯಾಗಿ ಒಂದು ದೈತ್ಯ ಬಿಳಿ ನಾಯಿ ಸಿಗುತ್ತದೆ. ಅದರ ಸಂತಾನದ ವಿಷಯವೂ ಬರುತ್ತದೆ. ಹಟ್ಟಿಯಲ್ಲಿ ದನ ಇರುವ ಮನೆಯವರಿಗೆ ಅದರಲ್ಲಿ ಮುಜುಗರವೇನಿಲ್ಲ. ಅವನು ಯಾರನ್ನೂ ಬೈಯುವುದಿಲ್ಲ, ಭಾಷಣ ಮಾಡುವುದಿಲ್ಲ. ಇಂಟರ್‌ವ್ಯೂ ಮುಗಿಸಿ ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮ ಮುಖ ಹೇಗಿರುತ್ತದೋ ಅವನ ಮುಖ ಹಾಗೇ ಇದೆ. ಮನೆಯಲ್ಲಿ “ಎಂತಾಯ್ತು ಕೆಲಸ?” ಎಂಬ ಪ್ರಶ್ನೆಗೆ ಉತ್ತರಿಸಿ ಸುಸ್ತಾದವರು ಇದನ್ನು ಅಪ್ಪ-ಅಮ್ಮನ ಜೊತೆ ನೋಡಿ. ನಮ್ಮಲ್ಲಿ ಮರುದಿನ ಆ ಪ್ರಶ್ನೆ ಬಂದ ಧ್ವನಿ ಬೇರೆ ಇತ್ತು.

‘ಎನ್‌ಕಾಂಟೊ’ (2021) ಕೂಡ ಅದೇ ಗಾಯದ ಬಗ್ಗೆ. ಕೊಲಂಬಿಯಾದ ಒಂದು ಕೂಡುಕುಟುಂಬದಲ್ಲಿ ಎಲ್ಲರಿಗೂ ಒಂದೊಂದು ವರ, ಮಿರಾಬೆಲ್ ಎಂಬ ಹುಡುಗಿಗೆ ಮಾತ್ರ ಇಲ್ಲ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ತರಗತಿಯವರೆಲ್ಲ ಆಯ್ಕೆಯಾಗಿ ನೀವೊಬ್ಬರೇ ಉಳಿದಂತೆ. ಹಾಡು ಸ್ವಲ್ಪ ಹೆಚ್ಚಾಯಿತು ಎಂದು ನನ್ನ ದೂರು, ತಮ್ಮನಿಗೆ ಹಾಡೇ ಇಷ್ಟ.

ಇನ್ನೊಂದನ್ನು ಮಾತ್ರ ಗಡಿನಾಡಿನವರು ಬಿಡಬಾರದು: ಪೆಟ್ರೀಷಿಯಾ ರಿಗೆನ್ ನಿರ್ದೇಶನದ, 2007ರ ‘ಲಾ ಮಿಸ್ಮಾ ಲೂನಾ’, ಅಂದರೆ ‘ಅದೇ ಚಂದ್ರ’. ತಾಯಿ ಅಮೆರಿಕದಲ್ಲಿ ಕಳ್ಳದಾರಿಯಲ್ಲಿ ಹೋಗಿ ಮನೆಗೆಲಸ ಮಾಡುತ್ತಾಳೆ, ಒಂಬತ್ತು ವರ್ಷದ ಮಗ ಮೆಕ್ಸಿಕೊದಲ್ಲಿ ಅಜ್ಜಿಯ ಜೊತೆ. ಪ್ರತಿ ಭಾನುವಾರ ಬೆಳಗ್ಗೆ 10ಕ್ಕೆ ಫೋನ್. ಅಜ್ಜಿ ತೀರಿಕೊಂಡಾಗ ಹುಡುಗ ಒಬ್ಬನೇ ಗಡಿ ದಾಟಿ ಹೊರಡುತ್ತಾನೆ. ಫೋನ್ ಬೂತಿನ ಸುತ್ತ ಏನೇನಿದೆ ಎಂದು ತಾಯಿ ಹೇಳಿದ್ದಷ್ಟೇ ಅವನ ವಿಳಾಸ. ನಾವು ನೋಡಿದ ಮೊದಲ ಸ್ಪ್ಯಾನಿಷ್ ಮಾತಿನ ಸಿನಿಮಾ ಇದೇ. ಕಾಸರಗೋಡು ಕಡೆಯ ಅಮ್ಮನಿಗೆ ಅರ್ಥ ಹೇಳುವವರು ಬೇಕಾಗಲಿಲ್ಲ. ಅವರ ಬಾಲ್ಯದಲ್ಲಿ ಗಲ್ಫಿನ ಫೋನ್ ಬರುತ್ತಿದ್ದದ್ದು ಶುಕ್ರವಾರ, ಅಲ್ಲಿನ ರಜೆಯ ದಿನ. ಫೋನ್ ಇದ್ದ ಒಂದೇ ಮನೆಯ ಜಗಲಿಯಲ್ಲಿ ಅರ್ಧ ಊರು ಕಾದು ಕುಳಿತಿರುತ್ತಿತ್ತಂತೆ. ಈ ಕಥೆಯನ್ನು ಅಮ್ಮ ನಮಗೆ ಹಿಂದೆಂದೂ ಹೇಳಿರಲಿಲ್ಲ.

“ಪಕ್ಕದಲ್ಲೇ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಇರುವಾಗ ಮೆಕ್ಸಿಕೊಗೆ ಯಾಕೆ ಹೋಗಬೇಕು?” ಎಂದು ಗೆಳೆಯನೊಬ್ಬ ಕೇಳಿದ. 2018ರ ಆ ಸಿನಿಮಾ ನಮ್ಮ ಮನೆಯಲ್ಲಿ ನಾಲ್ಕು ಸಲ ಓಡಿದೆ, ಐದನೆಯ ಸಲವೂ ಓಡೀತು. ಆದರೆ ನಮ್ಮದನ್ನು ನೋಡುವಾಗ ಅಜ್ಜಿ “ಹೌದು, ಹೀಗೇ” ಎಂದು ತಲೆಯಾಡಿಸುತ್ತಾರೆ. ದೂರದ್ದನ್ನು ನೋಡುವಾಗ “ಅಲ್ಲಿ ಹಾಗಾ? ನಮ್ಮಲ್ಲಿ...” ಎಂದು ಶುರು ಮಾಡುತ್ತಾರೆ. ಆ ‘ನಮ್ಮಲ್ಲಿ’ ನಂತರ ಬರುವುದನ್ನು ಕೇಳಲು ನಾನು ಕುಳಿತಿರುತ್ತೇನೆ. ಕೆಲಸ ಸಿಕ್ಕರೆ ಮುಂದಿನ ಆಟಿಗೆ ನಾನು ಊರಿನಲ್ಲಿ ಇರುತ್ತೇನೋ ಇಲ್ಲವೋ.

ಎಲ್ಲ ಸ್ಪ್ಯಾನಿಷ್ ಸಿನಿಮಾವೂ ಹೀಗೆ ಎಂದು ನಂಬಿ ಹಾಕಬೇಡಿ. ‘ರೋಮಾ’ (2018) ಅದ್ಭುತ, ಆದರೆ ನಡುವೆ ರಿಮೋಟ್ ಎಲ್ಲಿ ಎಂದು ಹುಡುಕುವಂತಾಗುತ್ತದೆ. ‘ಪ್ಯಾನ್ಸ್ ಲ್ಯಾಬಿರಿಂತ್’ (2006) ಹೆಸರು, ಪೋಸ್ಟರ್ ನೋಡಿದರೆ ಮಕ್ಕಳ ಕಥೆ ಅನಿಸುತ್ತದೆ, ಒಳಗಿರುವ ಕ್ರೌರ್ಯಕ್ಕೆ ದೊಡ್ಡವರೇ ಕಣ್ಣು ಮುಚ್ಚಿಕೊಳ್ಳಬೇಕು. ಅರ್ಥಧಾರಿಯಾಗುವವರು ಮೊದಲು ಒಬ್ಬರೇ ಒಮ್ಮೆ ನೋಡಿಟ್ಟುಕೊಳ್ಳುವುದು ಕ್ಷೇಮ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಸುಳ್ಯಕ್ಕೆ ಹೋದಾಗಲೇ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಕರೆಂಟ್ ಹೋದರೆ ಅಲ್ಲಿಯತನಕದ ಕಥೆಯನ್ನು ಅಜ್ಜಿಯ ಬಾಯಲ್ಲಿ ಒಮ್ಮೆ ಹೇಳಿಸಿ. ನಮ್ಮ ಅಜ್ಜಿ ಹೇಳಿದ ‘ಬೊಂಬೊನ್’ನಲ್ಲಿ ಆ ನಾಯಿಗೆ ಒಂದು ಹೊಸ ಹೆಸರಿತ್ತು, ಅದರ ಯಜಮಾನನಿಗೆ ಜಾಲ್ಸೂರಿನಲ್ಲಿ ಒಬ್ಬ ತಂಗಿಯೂ ಇದ್ದಳು.