ನೂರು ಮೀಟರಿನ ಆಚೆ ಇರುವವರೂ ನಮ್ಮವರೇ



ಹುಬ್ಬಳ್ಳಿ-ಧಾರವಾಡದ ಯಾವುದೋ ಬಡಾವಣೆಯಲ್ಲಿ ಮದ್ಯದ ಪರವಾನಗಿಗೆ ಅರ್ಜಿ ಬಿದ್ದಿದೆ ಎಂಬ ಸುದ್ದಿ ಹರಡಿದರೆ ಸಾಕು, ನಮ್ಮ ಸಮಾಜದ ಹಿರಿಯರು ಸಭೆ ಸೇರುತ್ತಾರೆ. ತಕರಾರು ಅರ್ಜಿ ಬರೆಯುತ್ತಾರೆ. ಆಮೇಲೆ ನನ್ನಂಥ ನಿವೃತ್ತ ಎಂಜಿನಿಯರನನ್ನು ಕರೆದು, "ಮಠದ ಬಾಗಲದಿಂದ ಎಷ್ಟು ಮೀಟರ್ ಆಗ್ತದ ಅಳದು ಕೊಡ್ರಿ" ಎನ್ನುತ್ತಾರೆ. ಅಳೆದು ಕೊಡುವುದು ಕಷ್ಟವಲ್ಲ, ನೌಕರಿಯ ಉದ್ದಕ್ಕೂ ಮಾಡಿದ್ದು ಅದೇ ಕೆಲಸ. ಆದರೆ ಬಸವತತ್ವದ ಹೆಸರು ಹೇಳುವ ನಾವು ಟೇಪು ಹಿಡಿದು ನಡೆಸುವ ಈ ಹೋರಾಟ ಬಸವತತ್ವಕ್ಕೆ ಒಪ್ಪುವಂಥದಲ್ಲ ಎಂದು ಹೇಳಲೇಬೇಕಾಗಿದೆ.

ಮೊದಲು ಕಾನೂನನ್ನು ನೋಡೋಣ. ಕರ್ನಾಟಕ ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮಗಳು 1967ರಷ್ಟು ಹಳೆಯವು. ಅವುಗಳ ಪ್ರಕಾರ ಧಾರ್ಮಿಕ ಸಂಸ್ಥೆ, ಶಾಲೆ-ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡುವಂತಿಲ್ಲ. ಈ ದೂರವನ್ನು ನಕಾಶೆಯ ಮೇಲೆ ಸರಳರೇಖೆ ಎಳೆದು ಅಳೆಯುವುದಿಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ ಹೊರಟು, ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿ ಹಿಡಿದು, ಸಂಸ್ಥೆಯ ಗೇಟಿನ ನಡುವಿನವರೆಗೆ ಅಳೆಯಬೇಕು. ಅಂದರೆ ಗೋಡೆಗೆ ಗೋಡೆ ಹತ್ತಿದ್ದರೂ ಸರಿ, ಅಂಗಡಿಯ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿದರೆ 80 ಮೀಟರ್ ಇದ್ದದ್ದು 120 ಆಗುತ್ತದೆ. ಅಳತೆ ಸರಿ, ಕಾಗದ ಸರಿ, ಪರವಾನಗಿಯೂ ಸರಿ.

ಈ ಆಟ ನಮ್ಮ ಊರಿನದಷ್ಟೇ ಅಲ್ಲ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಆದೇಶ ಮಾಡಿತು. ಆದೇಶ ಜಾರಿಗೆ ಬಂದ ಕೂಡಲೇ ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ತಮ್ಮ ಅಂಗಳದಲ್ಲೇ ಹಾವಿನಂತೆ ಸುತ್ತಿ ಬಳಸುವ ಗೋಡೆಗಳನ್ನು ಕಟ್ಟಿ ನಡೆಯುವ ದೂರವನ್ನು ಹೆಚ್ಚಿಸಿಕೊಂಡರು. ಚಂಡೀಗಢದ ಆಡಳಿತ ರಾಜ್ಯ ಹೆದ್ದಾರಿಗಳನ್ನು ಜಿಲ್ಲಾ ಮುಖ್ಯ ರಸ್ತೆಗಳೆಂದು ಮಾಡಿಬಿಟ್ಟಿತು. ರಸ್ತೆ ಅದೇ, ಡಾಂಬರು ಅದೇ, ಬದಲಾದದ್ದು ಹೆಸರು ಮಾತ್ರ. 2017ರ ಜುಲೈಯಲ್ಲಿ ಕೋರ್ಟು ನಗರಸಭೆ, ಪಾಲಿಕೆಗಳ ವ್ಯಾಪ್ತಿಯೊಳಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ದೂರವನ್ನೇ ನಂಬಿ ಹೋರಾಡುವವರಿಗೆ ಇದಕ್ಕಿಂತ ಪಾಠ ಬೇಕೆ?

ಆದರೆ ನನ್ನ ಮುಖ್ಯ ತಕರಾರು ಬೇರೆ. ನಾವು ಗೆದ್ದೆವು ಎಂದೇ ಇಟ್ಟುಕೊಳ್ಳಿ. ಮಠದಿಂದ 95 ಮೀಟರ್ ಎಂದು ಸಿದ್ಧವಾಯಿತು, ಅರ್ಜಿ ತಿರಸ್ಕಾರವಾಯಿತು, ನಾವು ಪೇಡೆ ಹಂಚಿದೆವು. ಅರ್ಜಿದಾರ ಮನೆಗೆ ಹೋಗಿ ಸುಮ್ಮನೆ ಕೂಡುತ್ತಾನೆಯೆ? ಇನ್ನೂ ಎರಡು ಓಣಿ ಆಚೆ ಜಾಗ ಹುಡುಕುತ್ತಾನೆ. ಅಲ್ಲಿ ಯಾರಿದ್ದಾರೆ? ಗಾರೆ ಕೆಲಸದವರು, ಹಮಾಲರು, ಬಾಡಿಗೆ ಕೋಣೆಗಳಲ್ಲಿ ಇರುವವರು, ಬೆಳಗಿನ ಐದಕ್ಕೆದ್ದು ನಾಲ್ಕು ಮನೆಯ ಮುಸುರೆ ತಿಕ್ಕುವ ತಾಯಂದಿರು. ಅವರ ಮನೆಗೆ ಕಂಪೌಂಡ್ ಇಲ್ಲ, ಗೇಟು ಇಲ್ಲ, ಅಳೆಯಲು ನಡುಬಿಂದುವೂ ಇಲ್ಲ. ಅವರ ಸಂಘಕ್ಕೆ ಲೆಟರ್‌ಹೆಡ್ ಇಲ್ಲ. ಕುಡಿತದ ಹೊರೆ ಯಾರ ಮೇಲೆ ಹೆಚ್ಚು ಬೀಳುತ್ತದೆಯೋ ಅವರ ಬಾಗಿಲಿಗೇ ನಾವು ಆ ಬಾರನ್ನು ದೂಡಿ ಬಂದಿರುತ್ತೇವೆ.

ಅದೇ 1967ರ ನಿಯಮದಲ್ಲಿ ಇನ್ನೊಂದು ಮಾತಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಪರವಾನಗಿ ಕೊಡಕೂಡದು ಎಂದು. ನಾನು ಓದಿ ನೋಡಿದ ತಕರಾರು ಅರ್ಜಿಗಳಲ್ಲಿ ಮಠದ ಮಾತಿದೆ, ಗುಡಿಯ ಮಾತಿದೆ, ಶಾಲೆಯ ಮಾತಿದೆ. ಈ ಮಾತನ್ನು ಎತ್ತಿ ಹಿಡಿದ ಒಂದನ್ನೂ ನಾನು ಕಾಣಲಿಲ್ಲ. ಕಲ್ಯಾಣದಲ್ಲಿ ಕೇರಿಯವರನ್ನು ಅಪ್ಪಿಕೊಂಡ ಪರಂಪರೆ ನಮ್ಮದು. ಕೇರಿಯ ಪರವಾಗಿ ಇರುವ ಒಂದು ಸಾಲು ನಮ್ಮ ಕಣ್ಣಿಗೇ ಬೀಳುವುದಿಲ್ಲವೆಂದರೆ ಹೇಗೆ?

ಇನ್ನು ಅರ್ಜಿ ಹಾಕುವವರ ಮಾತಿಗೆ ಬರುತ್ತೇನೆ. ಅವರು ಪರದೇಶದಿಂದ ಬಂದವರಲ್ಲ, ಎಷ್ಟೋ ಸಲ ನಮ್ಮವರೇ. ನಮ್ಮ ಭಾಗದಲ್ಲಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಖಾನಾವಳಿ ನಡೆಸಿ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನ ಹಾಕಿದ ಮನೆತನಗಳಿವೆ. ಅಂಥ ಒಬ್ಬ ಮಾಲೀಕರು, ಮೇಲೆ ಕೋಣೆಗಳನ್ನು ಕಟ್ಟಿಸಿ ಪರವಾನಗಿಗೆ ಪ್ರಯತ್ನಿಸುತ್ತಿದ್ದವರು, ನನ್ನೆದುರು ಹೇಳಿದ್ದು ಇಷ್ಟು: "ಸಾಹೇಬ್ರ, ರೊಟ್ಟಿ ಊಟದಾಗ ಏನೂ ಉಳಿಯಂಗಿಲ್ರಿ. ಬಾಡಿಗಿ ಏರೇತಿ, ಗ್ಯಾಸ್ ಏರೇತಿ, ರೊಟ್ಟಿ ಬಡಿಯೋ ಹೆಣಮಕ್ಕಳು ಸಿಗವಲ್ರು. ನಾ ಕಳವು ಮಾಡಾಕತ್ತಿಲ್ಲ, ಸರ್ಕಾರಕ್ಕ ರೊಕ್ಕ ಕಟ್ಟಿ ಮಾಡ್ತೀನಿ. ಇದೂ ಕಾಯಕ ಅಲ್ಲೇನ್ರಿ?"

ಅವರ ಕಷ್ಟ ಸುಳ್ಳಲ್ಲ. ಕೋಣೆ ಕಟ್ಟಿಸಿದ್ದಕ್ಕೂ ಕಾರಣವಿದೆ. 1992ರಿಂದ ಈಚೆಗೆ ಸರ್ಕಾರ ಹೊಸ ವೈನ್ ಶಾಪು, ಬಾರುಗಳ ಪರವಾನಗಿಯನ್ನು ನಿಲ್ಲಿಸಿತು. ಆದರೆ ವಸತಿಗೃಹಗಳಿಗೆ ಕೊಡುವ ಸಿಎಲ್-7 ಪರವಾನಗಿಯ ಬಾಗಿಲು ತೆರೆದೇ ಇತ್ತು. ಹೀಗಾಗಿ ಮೇಲೆ ಯಾರೂ ಮಲಗದ ಕೋಣೆಗಳು, ಕೆಳಗೆ ತುಂಬಿ ತುಳುಕುವ ಬಾರು. ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಪಾಲಿಕೆಯದು. ಮದ್ಯದ ತೀರ್ಮಾನ ಅಬಕಾರಿ ಇಲಾಖೆ ಮತ್ತು ಜಿಲ್ಲಾಡಳಿತದ್ದು.

ಆದರೆ ಕಾಯಕದ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸರ್ಕಾರಕ್ಕೆ ಶುಲ್ಕ ಕಟ್ಟಿದ ಮಾತ್ರಕ್ಕೆ ವ್ಯಾಪಾರ ಕಾಯಕವಾಗುವುದಿಲ್ಲ. ಕಾಯಕ ಸತ್ಯಶುದ್ಧವಾಗಿರಬೇಕು, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಗಿರಾಕಿ ಹೆಚ್ಚು ಕುಡಿದಷ್ಟೂ ಲಾಭ, ಅವನ ಮನೆಯ ಒಲೆ ಆರಿದಷ್ಟೂ ಗಲ್ಲಾ ತುಂಬುವುದು, ಇಂಥದ್ದರಲ್ಲಿ ಶುದ್ಧವೆಲ್ಲಿ, ದಾಸೋಹವೆಲ್ಲಿ? ಹಾಗೆಂದು ಆ ಮನುಷ್ಯನನ್ನು ಹೊರಗಿಡುವುದೂ ಶರಣಮಾರ್ಗವಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನನ್ನು ಶರಣಸಮೂಹ ದೂರ ಇಡಲಿಲ್ಲ. ಅವನು ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ರಚಿಸಿದ ಶರಣನಾದ. ಖಾನಾವಳಿಯ ಮಾಲೀಕರನ್ನು ಬೈಯುವ ಮೊದಲು, ಅವರ ಖಾನಾವಳಿ ಉಳಿಯಲು ನಮ್ಮ ಸಹಕಾರಿ ಸಂಘಗಳು ಒಂದು ಸಾಲ ಕೊಟ್ಟವೆಯೆ, ನಮ್ಮ ಸಮಾರಂಭಗಳ ಊಟದ ಗುತ್ತಿಗೆಯನ್ನು ಅವರಿಗೆ ಕೊಟ್ಟೆವೆಯೆ ಎಂದು ಕೇಳಿಕೊಳ್ಳಬೇಕು.

ಇನ್ನೂ ಒಂದು ಪ್ರಶ್ನೆ ಇದೆ, ಅದು ಕಹಿ. ಬಾರಿಗೆ ಮಳಿಗೆ ಬಾಡಿಗೆ ಕೊಟ್ಟವರು ಯಾರು? ಹಣೆಗೆ ವಿಭೂತಿ, ಕೊರಳಲ್ಲಿ ಇಷ್ಟಲಿಂಗ ಇರುವವರೂ ಅವರಲ್ಲಿದ್ದಾರೆ. ಮದ್ಯದ ವ್ಯಾಪಾರದಲ್ಲಿ ದುಡಿದವರು ಸಮುದಾಯ ಭವನಕ್ಕೆ ದೇಣಿಗೆ ಕೊಟ್ಟಾಗ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಶಾಲು ಹೊದಿಸಿದವರು ಯಾರು? ಹೆಸರು ಕೆತ್ತಿದ ಕೈಯಿಂದಲೇ ತಕರಾರು ಅರ್ಜಿಗೆ ಸಹಿ ಮಾಡಿದರೆ ಅಧಿಕಾರಿ ನಗದೇ ಇರುತ್ತಾನೆಯೆ?

ಸರ್ಕಾರದಿಂದ ತಾನಾಗಿ ಏನೂ ಬರುವುದಿಲ್ಲ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಟ್ಟುಕೊಂಡಿತು. ಗುರಿ ಕೊಟ್ಟ ಮೇಲೆ ಕೆಳಗಿನ ಅಧಿಕಾರಿ ಅರ್ಜಿಯನ್ನು ಯಾವ ಕಣ್ಣಿನಿಂದ ನೋಡುತ್ತಾನೆ ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸಂಪೂರ್ಣ ಪಾನನಿಷೇಧವೇ ಉತ್ತರವೆ? ಬರೀ ನಿಷೇಧ ಸಾಲದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ನಾನು ಕೇಳುವುದು ಜನರ ಒಪ್ಪಿಗೆಯನ್ನು. ಪಕ್ಕದ ಮಹಾರಾಷ್ಟ್ರದಲ್ಲಿ ಒಂದು ವ್ಯವಸ್ಥೆಯಿದೆ. ಊರಿನ ಅಥವಾ ವಾರ್ಡಿನ ಶೇ. 25ರಷ್ಟು ಮಹಿಳಾ ಮತದಾರರು ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎಂಬ ಎರಡು ಚಿತ್ರ. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋಗಿ ಮದ್ಯ ನಿಷೇಧಿಸಿ ಎಂದು ಕೇಳಿದರು. ಅಷ್ಟು ದೂರ ನಡೆದವರಿಗೆ ತಮ್ಮ ಓಣಿಯ ಮಟ್ಟಿಗಾದರೂ ಒಂದು ಮತ ಸಿಗಬೇಡವೆ? 2021ರ ಪಾಲಿಕೆ ಚುನಾವಣೆ 82 ವಾರ್ಡುಗಳಲ್ಲಿ ನಡೆಯಿತು. ವಾರ್ಡಿನ ಗಟಾರಿನ ಬಗ್ಗೆ ಮಾತಾಡುವ ಜನರಿಗೆ ವಾರ್ಡಿನ ಬಾರಿನ ಬಗ್ಗೆಯೂ ಮಾತಾಡುವ ಹಕ್ಕು ಬೇಕು. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಭಾಷಣ ಮಾಡುವ ನಾವು ಕೇಳಬೇಕಾದದ್ದು ಇದನ್ನು.

ಮಠಗಳು ಏನು ಮಾಡಬಹುದು ಎಂಬುದಕ್ಕೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ದಾರಿ ತೋರಿದ್ದಾರೆ. 1975ರಲ್ಲಿ ಅವರು ಮಹಾಂತ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಜನರ ಮನೆಬಾಗಿಲಿಗೆ ಹೋಗಿ, ಕಾಣಿಕೆ ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆ ಮಠದ ಗೇಟಿನಿಂದ ಎಷ್ಟು ಮೀಟರ್ ಎಂದು ಕೇಳಲಿಲ್ಲ.

ಆದ್ದರಿಂದ ನಮ್ಮ ಸಂಘಗಳು, ಬಸವ ಕೇಂದ್ರಗಳು, ಮಠಗಳ ಮುಂದೆ ನಾಲ್ಕು ನಿರ್ಣಯಗಳನ್ನು ಇಡುತ್ತೇನೆ. ಒಂದು, ಮಠದ, ಸಂಘದ ಹಾಗೂ ಪದಾಧಿಕಾರಿಗಳ ಸ್ವಂತ ಕಟ್ಟಡಗಳನ್ನು ಮದ್ಯದ ವ್ಯಾಪಾರಕ್ಕೆ ಬಾಡಿಗೆ ಕೊಡಕೂಡದು. ಇರುವ ಕರಾರು ಮುಗಿದ ಮೇಲೆ ಮುಂದುವರಿಸಕೂಡದು. ಎರಡು, ಮದ್ಯದ ಹಣದ ದೇಣಿಗೆ ಬೇಡ, ಸನ್ಮಾನವೂ ಬೇಡ. ಮೂರು, ಇನ್ನು ಮುಂದೆ ತಕರಾರು ಅರ್ಜಿ ಬರೆಯುವಾಗ ಮಠದ ದೂರದ ಜೊತೆಗೆ ಆ ಓಣಿಯ ಹೆಣ್ಣುಮಕ್ಕಳ ಸಹಿ ಇರಲಿ. ಅಂಗಡಿ ಬೇರೆ ಓಣಿಗೆ ಹೋದರೆ ನಮ್ಮ ತಕರಾರೂ ಅಲ್ಲಿಗೆ ಹೋಗಲಿ. ನಾಲ್ಕು, ವಾರ್ಡಿನ ಮತದಾನದ ಹಕ್ಕಿಗಾಗಿ ನಮ್ಮ ಶಾಸಕರಿಗೆ ಬರವಣಿಗೆಯಲ್ಲಿ ಒತ್ತಾಯ ಮಾಡಬೇಕು.

ಮೊದಲ ಎರಡಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಮುಂದಿನ ಸಭೆಯಲ್ಲೇ ಅಂಗೀಕರಿಸಬಹುದು. ಯಾವ ಸಂಘ ಅಂಗೀಕರಿಸಿತು, ಯಾವುದು ಮುಂದಕ್ಕೆ ಹಾಕಿತು ಎಂಬುದನ್ನು ಈ ಪತ್ರಿಕೆ ಹೆಸರು ಸಹಿತ ಪ್ರಕಟಿಸಲಿ.