ಕೊಳದ ಗಿಲಾವು ಉದುರುವುದೇಕೆ?

ಬೀಳಗಿ ಕಡೆ ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡವರು ವಿರಳ. ಇಲ್ಲಿಯ ಮಕ್ಕಳಿಗೆ ಈಜು ಕಲಿಸಿದ್ದು ಹೊಲದ ಬಾವಿ. ಆದರೆ ನೆಲದೊಳಗೆ ಕಟ್ಟಿದ ನೀರಿನ ಹೌದ ಅನೇಕ ಮನೆಗಳಲ್ಲಿದೆ. ಈಜುಕೊಳವಾಗಲಿ ಹೌದವಾಗಲಿ, ರಚನೆ ಒಂದೇ: ಕಾಂಕ್ರೀಟಿನ ಒಂದು ದೊಡ್ಡ ಪೆಟ್ಟಿಗೆ, ಅದರ ಒಳಮೈಗೆ ಬೆರಳ ದಪ್ಪದ ಗಿಲಾವು. ಕೆಲವು ವರ್ಷಗಳಲ್ಲಿ ಈ ಗಿಲಾವು ಉಬ್ಬಿ ಹಕ್ಕಳೆ ಏಳುತ್ತದೆ. ಆಗ ಅದರ ಮೇಲೆಯೇ ಇನ್ನೊಂದು ಕೈ ಸಿಮೆಂಟು ಬಳಿಸುವುದು ವಾಡಿಕೆ. ಮುಂದಿನ ಬೇಸಿಗೆಯಲ್ಲಿ ಅದೇ ಜಾಗ ಮತ್ತೆ ಉದುರುತ್ತದೆ. ಖರ್ಚೂ ಹೋಯಿತು, ನೀರೂ ಹೋಯಿತು. ರೋಗ ತಿಳಿಯದೆ ಮದ್ದು ಕೊಟ್ಟರೆ ಆಗುವುದು ಇಷ್ಟೇ.

ಹಾಗಾದರೆ ರೋಗ ಯಾವುದು? ಮುಖ್ಯವಾಗಿ ನಾಲ್ಕು. ಮೊದಲನೆಯದು ನೆಲ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ಸೀಮೆಯಲ್ಲಿ ಎರೆಭೂಮಿ ಹೆಚ್ಚು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಕಾಣುವುದು ಇದರಿಂದಲೇ. ವರ್ಷವರ್ಷವೂ ಹೀಗೆ ತಳ್ಳಿ ಎಳೆಯುವ ಮಣ್ಣಿನಲ್ಲಿ ಕೊಳದ ಗೋಡೆಯೇ ಸೀಳಿದ್ದರೆ ಗಿಲಾವು ಅದನ್ನು ತಡೆಯಲಾರದು. ಎರಡನೆಯದು ಒಳಗಿನ ಕಬ್ಬಿಣ. ನೀರು ಸರಳಿಗೆ ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಮೇಲಿನ ಪದರವನ್ನು ಒಳಗಿನಿಂದಲೇ ಒಡೆಯುತ್ತದೆ. ಕಂದು ಕಲೆ ಕಂಡರೆ ಈ ಅನುಮಾನ ಬರಬೇಕು.

ಮೂರನೆಯದು ಸ್ವತಃ ನೀರು. ಸಿಮೆಂಟು ಗಟ್ಟಿಯಾಗುವಾಗ ಅದರಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಬಲ್ಲ ಅರಳಿದ ಸುಣ್ಣ, ಉಂಟಾಗುತ್ತದೆ. ಮಳೆನೀರಿನಂಥ ಮೆದು ನೀರು ಈ ಸುಣ್ಣವನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ, ಮೈ ಉರುಟಾಗುತ್ತದೆ. ಗಡಸು ನೀರು ಇದಕ್ಕೆ ವಿರುದ್ಧ, ಬಿಳಿ ಹಿಟ್ಟು ಕಟ್ಟುತ್ತದೆ. ಯಾವ ನೀರು ಕರಗಿಸುತ್ತದೆ, ಯಾವುದು ಕಟ್ಟುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು 1936ರಲ್ಲಿ ಅಮೆರಿಕದ ಲ್ಯಾಂಗೆಲಿಯರ್ ಎಂಬ ವಿಜ್ಞಾನಿ ಕೊಟ್ಟರು. ಈಜುಕೊಳ ನೋಡಿಕೊಳ್ಳುವವರು ಇಂದಿಗೂ ಅದನ್ನು ಬಳಸುತ್ತಾರೆ, ನೀರಿನ ಪಿಎಚ್ ಅಂಕವನ್ನು 7.2ರಿಂದ 7.8ರ ನಡುವೆ ಇಡುತ್ತಾರೆ. ನಾಲ್ಕನೆಯದು ಕೆಲಸದ ದೋಷ: ಪಾಚಿ, ಧೂಳು ತೊಳೆಯದೆ, ಒಣ ಗೋಡೆಗೆ ಗಿಲಾವು ಹೊಡೆದದ್ದು.

ಕೊಳ ಸೋರುತ್ತಿದೆಯೋ, ಬಿಸಿಲಿಗೆ ನೀರು ಆರುತ್ತಿದೆಯೋ ಎಂಬುದನ್ನು ಶಾಲೆಯ ಮಕ್ಕಳೇ ಕಂಡುಹಿಡಿಯಬಹುದು. ಒಂದು ಬಕೆಟ್ಟಿನಲ್ಲಿ ಕಲ್ಲಿಟ್ಟು, ನೀರು ತುಂಬಿ, ಕೊಳದ ಮೇಲಿನ ಮೆಟ್ಟಿಲ ಮೇಲಿಡಿ. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೂ ಕೊಳದ ಮಟ್ಟಕ್ಕೂ ಗುರುತು ಹಾಕಿ, ಒಂದು ದಿನ ಯಾರೂ ಇಳಿಯದಂತೆ ಬಿಡಿ. ಎರಡೂ ಸಮವಾಗಿ ಇಳಿದರೆ ಅದು ಬಿಸಿಲಿನ ಕೆಲಸ. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ. ಒಳ ಅಳತೆ 5.7 ಮೀಟರ್ ಉದ್ದ, 2.7 ಮೀಟರ್ ಅಗಲವಿರುವ ಕೊಳದಲ್ಲಿ ಒಂದು ಸೆಂಟಿಮೀಟರ್ ಇಳಿದರೂ ಸುಮಾರು 150 ಲೀಟರ್ ಹೋದಂತೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಮನೆಗೆ ಇದು ಸಣ್ಣ ಲೆಕ್ಕವಲ್ಲ.

ದುರಸ್ತಿಗೆಂದು ಕೊಳ ಬರಿದು ಮಾಡುವ ಮುನ್ನ ಇನ್ನೊಂದು ಲೆಕ್ಕ ಮಾಡಬೇಕು. ಇದನ್ನು ಮರೆತರೆ ಗಿಲಾವು ಉಳಿಸಲು ಹೋಗಿ ಕೊಳವನ್ನೇ ಕಳೆದುಕೊಳ್ಳಬಹುದು. ಇದೇ ಕೊಳದ ಹೊರ ಅಳತೆ 6 ಮೀಟರ್ ಉದ್ದ, 3 ಮೀಟರ್ ಅಗಲ, 1.5 ಮೀಟರ್ ಆಳ ಎನ್ನೋಣ. ಅದರ ಗಾತ್ರ 27 ಘನ ಮೀಟರ್. ಗೋಡೆ ಮತ್ತು ತಳ 15 ಸೆಂಟಿಮೀಟರ್ ದಪ್ಪವಿದ್ದರೆ ಕಾಂಕ್ರೀಟಿನ ತೂಕ ಸುಮಾರು 15 ಟನ್. ಸುತ್ತಲ ನೆಲದಲ್ಲಿ ನೀರು ಮೇಲಿನವರೆಗೆ ನಿಂತಿದ್ದರೆ, ಆರ್ಕಿಮಿಡೀಸನ ನಿಯಮದಂತೆ ಆ ನೀರು ಕೊಳವನ್ನು 27 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ತುಂಬಿದ ಕೊಳ ಕದಲುವುದಿಲ್ಲ. ಬರಿದಾದ ಕೊಳ ದೋಣಿಯಂತೆ ಏಳಬಹುದು, ತಳ ಸೀಳಬಹುದು. ಆಲಮಟ್ಟಿಯ ಹಿನ್ನೀರು ತುಂಬಿದಾಗ ದಂಡೆಯ ಸಮೀಪದ ಜಮೀನಿನಲ್ಲಿ ಬಾವಿಯ ನೀರು ಎಷ್ಟು ಮೇಲಿದೆ ಎಂದು ನೋಡಿಯೇ ಮುಂದುವರಿಯಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡ. ಬಾವಿಗಳು ಇಳಿದಿರುವ, ಆದರೆ ಬಿಸಿಲು ಇನ್ನೂ ಏರದ ಜನವರಿ, ಫೆಬ್ರವರಿ ಒಳ್ಳೆಯ ಕಾಲ.

ನೀರು ತೆಗೆದ ಮೇಲೆ ಸಣ್ಣ ಸುತ್ತಿಗೆಯಿಂದ ಗಿಲಾವನ್ನು ಗೇಣು ಗೇಣಿಗೆ ತಟ್ಟಿ ನೋಡಬೇಕು. ಸಂತೆಯಲ್ಲಿ ಮಡಿಕೆ ಬಾರಿಸಿ ಕೊಳ್ಳುವ ಅಜ್ಜಿಗೆ ಈ ಪರೀಕ್ಷೆ ಹೊಸದಲ್ಲ. ಗಟ್ಟಿ ದನಿ ಬಂದರೆ ಮೈ ಕೂಡಿದೆ. ಪೊಳ್ಳು ದನಿ ಬಂದರೆ ಒಳಗೆ ಬಿಟ್ಟಿದೆ. ಪೊಳ್ಳಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಗಟ್ಟಿ ಸಿಗುವವರೆಗೆ ಕೆತ್ತಿ ತೆಗೆಯಬೇಕು. ಅಂಚು ಇಳಿಜಾರಾಗದೆ ನೇರ ಕತ್ತರಿಸಿದಂತಿರಲಿ. ತೆಳು ಅಂಚು ಮೊದಲು ಏಳುತ್ತದೆ. ಸರಳು ಕಂಡರೆ ತುಕ್ಕು ಉಜ್ಜಿ ತೆಗೆಯಬೇಕು. ಗೋಡೆಯೇ ಸೀಳಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಎಂಜಿನಿಯರರನ್ನು ಕರೆಸಬೇಕು.

ಮೈ ಒರಟು ಮಾಡಿ, ತೊಳೆದು, ನೀರು ಕುಡಿಸಿ, ಮೇಲೆ ನೀರು ನಿಲ್ಲದಷ್ಟು ಆರಿದಾಗ ಸಿಮೆಂಟಿನ ಹಾಲು ಬಳಿಯಬೇಕು. ಅದು ಒಣಗುವ ಮೊದಲೇ ಗಿಲಾವು ಬೀಳಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ತೊಳೆದ ಉಸುಕು ಸಾಕು. ಈಜುಕೊಳದ ನುಣುಪು ಮೈಗೆ ಬಿಳಿ ಸಿಮೆಂಟು ಮತ್ತು ಅಮೃತಶಿಲೆಯ ಪುಡಿ ಬಳಸುತ್ತಾರೆ. ಕಲಸುವಾಗ ಹೆಚ್ಚು ನೀರು ಸುರಿದರೆ ಕೈಗೆ ಹಗುರ, ಗಿಲಾವಿಗೆ ಕೇಡು.

ಸಿಮೆಂಟು ‘ಒಣಗಿ’ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸಂತತಿಯೇ ಇಂದಿನ ಸಿಮೆಂಟು; ಅದು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಬರಿ ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಂಥದ್ದು, ನೀರಿನಡಿ ನಿಲ್ಲದು. ಅದಕ್ಕೇ ಹಿಂದಿನವರು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸುತ್ತಿದ್ದರು. ಸಿಮೆಂಟಿಗೆ ಕನಿಷ್ಠ ಏಳು ದಿನ ತೇವ ಬೇಕು. ಬೀಳಗಿಯ ಬಿಸಿಲಿಗೆ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಕೂದಲೆಳೆಯ ಬಿರುಕು ಮೂಡುತ್ತವೆ. ಹಸಿ ಗೋಣಿಚೀಲ ಹೊದಿಸಿ ದಿನಕ್ಕೆ ಹಲವು ಸಲ ನೀರು ಚಿಮುಕಿಸುವುದು ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ, ಹಿರಿಯರ ಕಣ್ಣೆದುರು.

ಮಕ್ಕಳಿಗೆ ಒಪ್ಪಿಸಬಾರದ ಕೆಲಸಗಳೂ ಇವೆ. ಬಿಳಿ ಹಿಟ್ಟು ತೆಗೆಯಲು ಆಸಿಡ್ ಸುರಿಯುವ ರೂಢಿಯುಂಟು. ಆಸಿಡ್ ಹಿಟ್ಟಿನ ಜೊತೆ ಗಿಲಾವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿ ಇದ್ದಲ್ಲಿ ಅದು ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ; ಆಳದ ಹೌದದೊಳಗೆ ಆ ಅನಿಲ ಗಾಳಿಗಿಂತ ಭಾರವಾಗಿ ತಳದಲ್ಲೇ ನಿಲ್ಲುತ್ತದೆ, ಪ್ರಾಣಕ್ಕೆ ಎರವಾಗುತ್ತದೆ. ಬಹುಕಾಲ ಮುಚ್ಚಿದ ಹೌದಕ್ಕೆ ದೊಡ್ಡವರೂ ಒಬ್ಬರೇ ಇಳಿಯಬಾರದು. ಬರಿದಾದ ಕೊಳದ ಸುತ್ತ ಬೇಲಿ ಕಟ್ಟುವುದೂ ಕೆಲಸದ ಭಾಗವೇ.

ಹೊಸ ಗಿಲಾವು ಮುಟ್ಟಿದ ಮೊದಲ ನೀರಿನಲ್ಲಿ ಸುಣ್ಣ ಬಿಟ್ಟಿರುತ್ತದೆ. ಶಾಲೆಯ ಪ್ರಯೋಗಶಾಲೆಯ ಕೆಂಪು ಲಿಟ್ಮಸ್ ಅದ್ದಿದರೆ ನೀಲಿಯಾಗುತ್ತದೆ. ಕುಡಿಯುವ ನೀರಿನ ಹೌದವಾದರೆ ಮೊದಲ ಒಂದೆರಡು ತುಂಬನ್ನು ಗೋಡೆಗೆ, ನೆಲ ತೊಳೆಯಲಿಕ್ಕೆ ಬಳಸಿ ಮುಗಿಸಿ. ಆಮೇಲೆ ತುಂಬಿದ್ದು ಮನೆಯವರಿಗೆ.