ಪೊದೆಗೂ ಒಂದು ಲೆಕ್ಕ ಬೇಡವೇ?

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಕಬ್ಬು ಬೇಗ ಕಡಿಯಿರಿ, ಪೊದೆ ಸವರಿ ಎಂಬ ಮಾತು ಆಗ ಊರೂರಲ್ಲೂ ಕೇಳಿತು. ಕತ್ತಲಾದ ಮೇಲೆ ಹಿತ್ತಿಲಿಗೆ ಹೋಗಲೂ ಹೆದರುತ್ತಿದ್ದವರ ಆ ಮಾತನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಮನೆಯ ಸುತ್ತ, ಶಾಲೆಯ ದಾರಿಯಲ್ಲಿ ಸವರಲೇಬೇಕು. ಆದರೆ ಅದೇ ಮಚ್ಚು ಬೆಟ್ಟ ಹತ್ತಬಾರದು. ಬೆಟ್ಟ ಬೋಳಾದರೆ ಚಿರತೆ ಮಾಯವಾಗುವುದಿಲ್ಲ, ಇನ್ನೊಂದು ಕಬ್ಬಿನ ಗದ್ದೆಗೆ ಇಳಿಯುತ್ತದೆ.

ಪೊದೆಯ ಮೇಲಿನ ಈ ತಾತ್ಸಾರ ಚಿರತೆಯಿಂದ ಶುರುವಾದದ್ದೂ ಅಲ್ಲ. ನಮ್ಮ ಅರಣ್ಯ ಲೆಕ್ಕದಲ್ಲಿ ಟೇಪು ಹಿಡಿದು ಅಳೆಯಲು ಬರುವುದು ಮರ, ಮಿಕ್ಕಿದ್ದೆಲ್ಲ ಕಳೆ. ನೆಡುತೋಪಿನಲ್ಲಿ ನಾಟಾ ಎಷ್ಟು ಘನ ಮೀಟರ್ ಎಂದು ಬರೆದಿಡುತ್ತಾರೆ. ಅದರಡಿಯ ಕಾರೆ, ಕವಳೆ, ಬಿಕ್ಕೆ, ತುಪ್ರಗಳಿಗೆ ಕಾಲಂ ಇಲ್ಲ. ಲೆಕ್ಕದಲ್ಲಿಲ್ಲದ್ದು ಕಡಿದು ಹೋದರೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ನೀಲಗಿರಿಯನ್ನೇ ನೋಡಿ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ಈ ಮರದ ಒಂದು ತಳಿ ‘ಮೈಸೂರು ಗಮ್’ ಎಂದು ನಮ್ಮ ಹೆಸರನ್ನೇ ಹೊತ್ತು ದೇಶವೆಲ್ಲ ಹಬ್ಬಿತು. ಹುಣಸೂರು ತಾಲ್ಲೂಕಿನ ಅರಬಿತಿಟ್ಟು ವನ್ಯಧಾಮದೊಳಗೂ ನೀಲಗಿರಿ ತೋಪಿದೆ. ದೇಶೀ ಸಸ್ಯಗಳಿಗೆ ತೊಂದರೆಯಿಲ್ಲವೆಂದು ದೀರ್ಘಕಾಲದ ಪ್ರಯೋಗದಲ್ಲಿ ಖಾತ್ರಿಯಾಗದೆ ಹೊರಗಿನ ಜಾತಿಯ ಗಿಡ ತರಬಾರದು ಎಂದು ರಾಷ್ಟ್ರೀಯ ಅರಣ್ಯ ನೀತಿ ಹೇಳಿದ್ದು 1988ರಲ್ಲಿ. ಅದಕ್ಕೂ ಮೊದಲೇ, 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನ ಜನ ‘ಕಿತ್ತಿಕೊ ಹಚ್ಚಿಕೊ’ ಎಂದು ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟಿದ್ದರು. ನಮ್ಮ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ತಡವಾದರೂ ಸರಿಯಾದ ಕೆಲಸ.

ಆದರೆ ಹೇಗೆ ತೆಗೆಯುತ್ತೇವೆ ಎಂಬುದರಲ್ಲಿ ಇನ್ನೊಂದು ಅನಾಹುತ ಅಡಗಿದೆ. ನೀಲಗಿರಿ ಕಡಿದರೆ ಬುಡ ಮತ್ತೆ ಚಿಗುರುತ್ತದೆ. ಹಾಗಾಗಿ ಬುಡ ಕೀಳಲು ಜೆಸಿಬಿ ಬರುತ್ತದೆ. ಜೆಸಿಬಿಗೆ ನೀಲಗಿರಿ ಬುಡವೂ ಒಂದೇ, ಅದರ ಪಕ್ಕ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಎದ್ದ ಕಾರೆ ಗಿಡವೂ ಒಂದೇ. ಬಾರದ ಕಾಡು ಬಂದು ನಿಂತಿರುವಾಗ ಅದನ್ನು ಮಗುಚಿ ಹಾಕಿ, ಆಮೇಲೆ ನರ್ಸರಿಯಿಂದ ಸಸಿ ತಂದು ವನಮಹೋತ್ಸವ ಮಾಡುವುದಕ್ಕೆ ಏನೆನ್ನಬೇಕು?

ಪೊದೆಯಿಂದೇನು ಲಾಭ ಎನ್ನುವವರು ಶ್ರೀಗಂಧವನ್ನು ನೋಡಲಿ. ಮೈಸೂರು ಸೀಮೆಗೆ ಹೆಸರು ತಂದ ಈ ಮರ ಒಂಟಿಯಾಗಿ ನೆಟ್ಟರೆ ಏಳಿಗೆಯಾಗದು. ಅದರ ಬೇರು ನೆರೆಯ ಗಿಡದ ಬೇರಿಗೆ ಕಚ್ಚಿಕೊಂಡು ಅಲ್ಲಿಂದ ನೀರು, ಸತ್ವ ಎಳೆಯುತ್ತದೆ. ಹಕ್ಕಿ ತಿಂದು ಉದುರಿಸಿದ ಬೀಜ ಮುಳ್ಳುಪೊದೆಯೊಳಗೆ ಬಿದ್ದರೆ, ಮೇಕೆಯ ಬಾಯಿಗೆ ಸಿಗದೆ ಉಳಿಯುತ್ತದೆ. 2001ರವರೆಗೆ ರೈತನ ಜಮೀನಿನಲ್ಲಿ ಎದ್ದ ಗಂಧಕ್ಕೂ ಸರ್ಕಾರವೇ ಒಡೆಯ. ಗಂಧವನ್ನು ಅಷ್ಟು ಕಾಪಾಡಿದ ಸರ್ಕಾರ, ಗಂಧವನ್ನು ಸಾಕಿದ ಪೊದೆಯನ್ನು ಮಾತ್ರ ಕಾಪಾಡಲಿಲ್ಲ.

ಹಾಗೆಂದು ಹಸಿರಾಗಿರುವ ಪೊದೆಯೆಲ್ಲ ನಮ್ಮದಲ್ಲ. ಬಂಡೀಪುರದ ಕಾಡನ್ನು ಹೊಕ್ಕ ಲಂಟಾನ ಅಮೆರಿಕ ಖಂಡದಿಂದ ಬಂದದ್ದು. ಅದು ಹುಲ್ಲನ್ನೂ ಮರಿಗಿಡಗಳನ್ನೂ ಅಡಿಗೆ ಹಾಕಿಕೊಂಡು ಬೆಳೆಯುತ್ತದೆ. ಅದನ್ನು ತೆಗೆಯಲಿ. ಆದರೆ ಮಣ್ಣಿನ ಮಟ್ಟದಿಂದ ತುಸು ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಡುವ ವಿಧಾನವಿದೆ. ಅದಕ್ಕೆ ಕೈ ಬೇಕು, ಯಂತ್ರ ಬೇಡ. ಲಂಟಾನ ಯಾವುದು, ಕವಳೆ ಯಾವುದು ಎಂದು ಗುರುತಿಸಬಲ್ಲ ಕಣ್ಣು ಕಾಡಂಚಿನ ಜೇನುಕುರುಬ, ಸೋಲಿಗರಿಗೆ ಇದೆ. ಆ ಕೂಲಿ ಅವರಿಗೇ ಸಿಗಲಿ.

ಕಾಗದಕ್ಕೆ, ಪ್ಲೈವುಡ್ಡಿಗೆ ಮರ ಬೇಡವೇ ಎಂದು ಕೇಳುತ್ತಾರೆ. ಬೇಕು. ನಾನು ಬರೆಯುತ್ತಿರುವುದೂ ಕಾಗದದ ಮೇಲೆ. ಮರ ಕಡಿಯಬೇಡಿ ಎಂದು ಯಾರೂ ಹೇಳುತ್ತಿಲ್ಲ. ಒಂದೇ ಸಲ ಇಡೀ ತೋಪು ಬೋಳಿಸದೆ ಪಟ್ಟೆ ಪಟ್ಟೆಯಾಗಿ ಕಡಿಯಿರಿ. ಹಳ್ಳದ ಇಕ್ಕೆಲ ಬಿಡಿ. ಹಣ್ಣಿನ ಪೊದೆಗೆ ಗುರುತು ಹಾಕಿ, ನಾಟಾ ಎಳೆಯುವ ದಾರಿಯನ್ನು ಮೊದಲೇ ನಿಗದಿ ಮಾಡಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ನಿಜ. ಆದರೆ ತಾನಾಗಿ ಎದ್ದ ಗಿಡ ಉಳಿದರೆ ಅಷ್ಟು ಸಸಿ ನೆಡುವ ಖರ್ಚು ಉಳಿಯಿತಲ್ಲ!

ಇದಕ್ಕೆ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯಸಂಪತ್ತಿನ ಜನತಾ ದಾಖಲಾತಿ ಇರಬೇಕು. ಕಡಿತದ ಹರಾಜಿಗೆ ಮುನ್ನ ಆ ದಾಖಲಾತಿ ತೆಗೆದು ನೋಡುವುದನ್ನು ಅರಣ್ಯ ಇಲಾಖೆ ಕಡ್ಡಾಯ ಮಾಡಲಿ. ಪುಸ್ತಕ ಬೀರುವಿನಲ್ಲಿ ಧೂಳು ಹಿಡಿದಿದ್ದರೆ ಮೇಕೆ ಕಾಯುವ ಮುದುಕನನ್ನು ತೋಪಿಗೆ ಕರೆದೊಯ್ಯಲಿ. ಯಾವ ಪೊದೆಯಲ್ಲಿ ಯಾವ ತಿಂಗಳು ಹಣ್ಣು, ಯಾವ ಬೇರು ಯಾವ ನೋವಿಗೆ ಎಂದು ಅವನು ಹೇಳಲಿ, ಇಲಾಖೆಯವರು ಬರೆದುಕೊಳ್ಳಲಿ. ಕಾಲಂ ತುಂಬಿದ ಮೇಲೆ ಗರಗಸ ಹೊರಗೆ ಬರಲಿ.